ತಯಾರಿಕಾ ಉದ್ದಿಮೆಯ ಪುನಶ್ಚೇತನ: ಸಿರಿವಂತ ದೇಶಗಳ ಪ್ರಯತ್ನ ಮತ್ತು ಬನಹಟ್ಟಿಯ ಮಗ್ಗದ ಪಾಠ

ಕೈಬಿಟ್ಟುಹೋದ ಉದ್ದಿಮೆಯನ್ನು ಮರಳಿ ತರಲು ಸರಕಾರವು ಪ್ರಯತ್ನಿಸಬೇಕೆ ಎಂಬುದು ಬಡ ದೇಶಗಳ ಪ್ರಶ್ನೆಯೆಂದು ಬಹುಕಾಲ ಭಾವಿಸಲಾಗಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು ಜಗತ್ತಿನ ಅತ್ಯಂತ ಸಿರಿವಂತ ದೇಶದ ಆರ್ಥಿಕ ನೀತಿಯ ಕೇಂದ್ರಕ್ಕೇ ಬಂದಿದೆ. ಅಮೆರಿಕವು 2018ರಲ್ಲಿ ಉಕ್ಕಿನ ಮೇಲೆ ಶೇ. 25 ಹಾಗೂ ಅಲ್ಯುಮಿನಿಯಂ ಮೇಲೆ ಶೇ. 10ರ ಆಮದು ಸುಂಕವನ್ನು ವಿಧಿಸಿತು. 2022ರಲ್ಲಿ ಸೆಮಿಕಂಡಕ್ಟರ್ ಚಿಪ್ ಉದ್ದಿಮೆಗಾಗಿ ಸುಮಾರು 5,270 ಕೋಟಿ ಡಾಲರ್ ನೆರವಿನ ಕಾಯ್ದೆಯನ್ನು ಅಂಗೀಕರಿಸಿತು. 2025ರ ಏಪ್ರಿಲ್‌ನಲ್ಲಿ ಬಹುತೇಕ ಎಲ್ಲ ದೇಶಗಳ ಸರಕುಗಳ ಮೇಲೆ ಹೊಸ ಸುಂಕವನ್ನು ಘೋಷಿಸಿತು. ಭಾರತದ ಅನೇಕ ಸರಕುಗಳ ಮೇಲಿನ ಹೆಚ್ಚುವರಿ ಸುಂಕವು ಅದೇ ವರ್ಷದ ಆಗಸ್ಟ್ 27ರಂದು ಶೇ. 50ಕ್ಕೆ ಏರಿತು. ದರಗಳು ಆ ಬಳಿಕವೂ ಬದಲಾಗಿವೆ. ಆದರೆ ಅವುಗಳ ಹಿಂದಿರುವ ಒಂದು ಮುಖ್ಯ ಉದ್ದೇಶ: ಹೊರದೇಶಕ್ಕೆ ಹೋದ ಕಾರ್ಖಾನೆಗಳನ್ನು ಮನೆಗೆ ಕರೆತರುವುದು.

ಬೀಳಗಿ, ಜಮಖಂಡಿ, ಮುಧೋಳ ಹಾಗೂ ರಬಕವಿ-ಬನಹಟ್ಟಿ ಭಾಗದ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಇದು ದೂರದ ಸಂಗತಿಯಲ್ಲ. ಕೃಷ್ಣಾ ತೀರದ ಅವಳಿ ನಗರವಾದ ರಬಕವಿ-ಬನಹಟ್ಟಿಯ ಮಗ್ಗಗಳು ಕಾನೂನಿನ ರಕ್ಷಣೆ, ಸರಕಾರಿ ಖರೀದಿ ಹಾಗೂ ವಿದ್ಯುತ್ ರಿಯಾಯಿತಿಗಳೆಲ್ಲವನ್ನೂ ಕಂಡಿವೆ. ಉದ್ದಿಮೆಯೊಂದನ್ನು ಉಳಿಸಲು ಸರಕಾರಗಳು ಬಳಸುವ ಬಹುತೇಕ ಎಲ್ಲ ಸಾಧನಗಳ ಪರೀಕ್ಷೆ ಇಲ್ಲಿ ಈಗಾಗಲೇ ನಡೆದಿದೆ. ಆದ್ದರಿಂದ ಅಮೆರಿಕದ ಪ್ರಶ್ನೆಗೆ ಉತ್ತರವನ್ನು ಹುಡುಕುವಾಗ ಬನಹಟ್ಟಿಯ ಲೆಕ್ಕವನ್ನು ಜೊತೆಗಿಟ್ಟುಕೊಳ್ಳುವುದು ಉಪಯುಕ್ತ.

ಹೋದದ್ದು ಏನು, ಉಳಿದದ್ದು ಏನು?

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ಅಮೆರಿಕದಲ್ಲಿ ತಯಾರಿಕೆಯೇ ನಿಂತುಹೋಗಿದೆ ಎಂಬುದು ಸರಿಯಲ್ಲ. 1979ರಲ್ಲಿ ಅಲ್ಲಿನ ಕಾರ್ಖಾನೆಗಳಲ್ಲಿ ಸುಮಾರು 1.95 ಕೋಟಿ ಜನ ದುಡಿಯುತ್ತಿದ್ದರು. 2010ರ ಆರಂಭದ ಹೊತ್ತಿಗೆ ಈ ಸಂಖ್ಯೆ ಸುಮಾರು 1.15 ಕೋಟಿಗೆ ಇಳಿಯಿತು. ಅನಂತರ ಸ್ವಲ್ಪ ಚೇತರಿಸಿಕೊಂಡು 2025ರಲ್ಲಿ 1.27 ಕೋಟಿಯ ಆಸುಪಾಸಿನಲ್ಲಿತ್ತು. ಆದರೆ ಇದೇ ಅವಧಿಯಲ್ಲಿ ಅಲ್ಲಿನ ಕಾರ್ಖಾನೆಗಳ ಒಟ್ಟು ಉತ್ಪಾದನೆಯು ಸರಿಸುಮಾರು ಇಮ್ಮಡಿಯಾಗಿದೆ. ಅಂದರೆ ಸರಕು ಹೆಚ್ಚಿತು, ಕೈಗಳು ಕಡಿಮೆಯಾದವು.

ಇದಕ್ಕೆ ಕಾರಣಗಳು ಎರಡು. ಮೊದಲನೆಯದು ಯಂತ್ರ. ಎರಡನೆಯದು, 2001ರ ಡಿಸೆಂಬರ್ 11ರಂದು ಚೀನಾ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿದ ಬಳಿಕ ಉಂಟಾದ ಆಮದಿನ ಪ್ರವಾಹ. ಎರಡನೆಯ ಕಾರಣದಿಂದ ಉಂಟಾದ ನೋವು ಕಡಿಮೆಯದಲ್ಲ. ಪೀಠೋಪಕರಣ, ಜವಳಿ, ಪಾದರಕ್ಷೆಗಳನ್ನೇ ನಂಬಿದ್ದ ಅಲ್ಲಿನ ಅನೇಕ ಸಣ್ಣ ಪಟ್ಟಣಗಳು ಹತ್ತು ವರ್ಷ ಕಳೆದರೂ ಚೇತರಿಸಿಕೊಳ್ಳಲಿಲ್ಲ. ಅಗ್ಗದ ಸರಕಿನ ಲಾಭ ಇಡೀ ದೇಶದ ಗ್ರಾಹಕರಿಗೆ ಹಂಚಿಹೋಯಿತು. ನಷ್ಟ ಮಾತ್ರ ಕೆಲವೇ ಊರುಗಳ ಮೇಲೆ ಬಿದ್ದಿತು. ಪುನಶ್ಚೇತನದ ಬೇಡಿಕೆಯು ರಾಜಕೀಯ ಬಲವನ್ನು ಪಡೆದದ್ದು ಈ ಅಸಮ ಹಂಚಿಕೆಯಿಂದ.

ಗೋಡೆ ಕಟ್ಟಿದವರ ಹಳೆಯ ಅನುಭವ

ಸಿರಿವಂತ ದೇಶವೊಂದು ತನ್ನ ಕಾರ್ಖಾನೆಗಳನ್ನು ರಕ್ಷಿಸಿಕೊಳ್ಳುವುದು ಹೊಸದಲ್ಲ. ಅದರ ಭಾರವನ್ನು ಭಾರತದ ನೇಕಾರರು ಹೊತ್ತದ್ದೂ ಹೊಸದಲ್ಲ. ಇಂಗ್ಲೆಂಡ್ 1700 ಹಾಗೂ 1721ರ ಕಾಯ್ದೆಗಳ ಮೂಲಕ ಭಾರತದ ಅಚ್ಚು ಹಾಕಿದ ಹತ್ತಿ ಬಟ್ಟೆಗಳ ಆಮದು ಮತ್ತು ಬಳಕೆಯನ್ನು ನಿರ್ಬಂಧಿಸಿತು. ಮುಂದೆ ಭಾರತದಲ್ಲಿಯೇ ಬಟ್ಟೆ ಗಿರಣಿಗಳು ತಲೆ ಎತ್ತಿದಾಗ, ಲ್ಯಾಂಕಶೈರಿನ ಹಿತಕ್ಕಾಗಿ 1896ರಲ್ಲಿ ಭಾರತೀಯ ಗಿರಣಿ ಬಟ್ಟೆಯ ಮೇಲೆ ಶೇ. 3.5ರ ಅಬಕಾರಿ ಸುಂಕವನ್ನು ಹೇರಲಾಯಿತು. ಅದು ರದ್ದಾದದ್ದು 1926ರಲ್ಲಿ.

ಇಷ್ಟೆಲ್ಲ ರಕ್ಷಣೆಯಿದ್ದೂ ಲ್ಯಾಂಕಶೈರ್ ಉಳಿಯಲಿಲ್ಲ. 1913ರಲ್ಲಿ ಸುಮಾರು 700 ಕೋಟಿ ಗಜ ಹತ್ತಿ ಬಟ್ಟೆಯನ್ನು ರಫ್ತು ಮಾಡುತ್ತಿದ್ದ ಬ್ರಿಟನ್, 1958ರ ಹೊತ್ತಿಗೆ ರಫ್ತಿಗಿಂತ ಹೆಚ್ಚು ಹತ್ತಿ ಬಟ್ಟೆಯನ್ನು ಆಮದು ಮಾಡಿಕೊಳ್ಳತೊಡಗಿತು. 1959ರಲ್ಲಿ ಹಳೆಯ ಕದಿರು ಮತ್ತು ಮಗ್ಗಗಳನ್ನು ಗುಜರಿಗೆ ಹಾಕುವ ಗಿರಣಿಗಳಿಗೆ ಸರಕಾರವೇ ಪರಿಹಾರ ನೀಡುವ ಕಾಯ್ದೆ ಬಂದಿತು. ಆಧುನೀಕರಣಕ್ಕೂ ನೆರವು ದೊರೆಯಿತು. ಆದರೂ ಇಳಿಮುಖ ನಿಲ್ಲಲಿಲ್ಲ.

ಅನಂತರದ ಅಧ್ಯಾಯವು ಬಹುನೂಲು ಒಪ್ಪಂದದ್ದು. 1974ರಿಂದ ಆರಂಭವಾದ ಈ ವ್ಯವಸ್ಥೆಯಡಿ ಅಮೆರಿಕ ಮತ್ತು ಯುರೋಪ್, ಪ್ರತಿಯೊಂದು ಬಡ ದೇಶವೂ ತಮಗೆ ಎಷ್ಟು ಬಟ್ಟೆಯನ್ನು ಮಾರಬಹುದೆಂದು ಕೋಟಾ ನಿಗದಿಪಡಿಸಿದವು. ಹಂತ ಹಂತವಾಗಿ ಸಡಿಲಗೊಂಡ ಈ ಕೋಟಾ 2005ರ ಜನವರಿ 1ರಂದು ಸಂಪೂರ್ಣವಾಗಿ ಅಂತ್ಯಗೊಂಡಿತು. ಮೂವತ್ತು ವರ್ಷಗಳ ಈ ಗೋಡೆಯ ಫಲವೇನು? ಅಮೆರಿಕದ ಸಿದ್ಧ ಉಡುಪು ಉದ್ದಿಮೆಯಲ್ಲಿ 1990ರಲ್ಲಿ ಇನ್ನೂ ಸುಮಾರು 9 ಲಕ್ಷ ಜನರಿದ್ದರು. 2020ರ ದಶಕದಲ್ಲಿ ಆ ಸಂಖ್ಯೆ 1 ಲಕ್ಷಕ್ಕಿಂತ ಕೆಳಗಿಳಿದಿದೆ. ಗೋಡೆಯು ಕಾಲಾವಕಾಶವನ್ನು ಕೊಟ್ಟಿತು; ಉದ್ಯೋಗವನ್ನು ಕಾಯ್ದುಕೊಡಲಿಲ್ಲ.

ಒಂದು ಉದ್ಯೋಗದ ಬೆಲೆ

ಹಾಗಾದರೆ ಕಾರ್ಖಾನೆಯನ್ನು ಮರಳಿ ತರುವುದು ಸಾಧ್ಯವೇ ಇಲ್ಲವೆ? ಸಾಧ್ಯವಿದೆ. ಆದರೆ ಬರುವ ಕಾರ್ಖಾನೆಯು ಹೋದ ಕಾರ್ಖಾನೆಯಂತಿರುವುದಿಲ್ಲ. ಚೀನಾದ ಕೀರ್ ಎಂಬ ನೂಲು ತಯಾರಿಕಾ ಸಂಸ್ಥೆಯು 2013ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ ನೂಲಿನ ಗಿರಣಿಯನ್ನು ಸ್ಥಾಪಿಸುವುದಾಗಿ ಪ್ರಕಟಿಸಿತು. ಘೋಷಿತ ಹೂಡಿಕೆ 21.8 ಕೋಟಿ ಡಾಲರ್. ಘೋಷಿತ ಉದ್ಯೋಗ 500. ಭಾಗಿಸಿದರೆ ಪ್ರತಿ ಉದ್ಯೋಗಕ್ಕೆ 4.36 ಲಕ್ಷ ಡಾಲರ್ ಬಂಡವಾಳ. ಹಿಂದೆ ಇದೇ ರಾಜ್ಯದ ಪಟ್ಟಣಗಳಲ್ಲಿ ಒಂದೊಂದು ಗಿರಣಿಯೂ ಸಾವಿರಾರು ಕುಟುಂಬಗಳಿಗೆ ಅನ್ನ ನೀಡುತ್ತಿತ್ತು. ನೂಲು ಮರಳಬಹುದು; ಆ ಕುಟುಂಬಗಳ ಕೆಲಸ ಮರಳದು.

ಬಟ್ಟೆ ತೊಳೆಯುವ ಯಂತ್ರಗಳ ಪ್ರಕರಣ ಇನ್ನೂ ಸ್ಪಷ್ಟ. 2018ರ ಆರಂಭದಲ್ಲಿ ಅಮೆರಿಕವು ಆಮದಾಗುವ ವಾಷಿಂಗ್ ಮಶಿನ್‌ಗಳ ಮೇಲೆ ವಿಶೇಷ ಸುಂಕ ವಿಧಿಸಿತು. ವಿದೇಶಿ ಕಂಪನಿಗಳು ಅಲ್ಲಿಯೇ ಕಾರ್ಖಾನೆ ತೆರೆದವು. ಸುಮಾರು 1,800 ಹೊಸ ಉದ್ಯೋಗಗಳು ಸೃಷ್ಟಿಯಾದವು. ಅಮೆರಿಕದ ಕೇಂದ್ರ ಬ್ಯಾಂಕು ಹಾಗೂ ಶಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಇದರ ಲೆಕ್ಕ ತೆಗೆದರು. ಯಂತ್ರಗಳ ಬೆಲೆ ಸುಮಾರು ಶೇ. 12 ಏರಿತ್ತು. ಸುಂಕವೇ ಇಲ್ಲದ, ಆದರೆ ಜೊತೆಯಾಗಿ ಮಾರಾಟವಾಗುವ ಬಟ್ಟೆ ಒಣಗಿಸುವ ಯಂತ್ರದ ಬೆಲೆಯೂ ಏರಿತ್ತು. ಗ್ರಾಹಕರು ಹೆಚ್ಚುವರಿಯಾಗಿ ತೆತ್ತ ಹಣವನ್ನು ಹೊಸ ಉದ್ಯೋಗಗಳಿಂದ ಭಾಗಿಸಿದಾಗ ಪ್ರತಿ ಉದ್ಯೋಗಕ್ಕೆ ವರ್ಷಕ್ಕೆ ಸುಮಾರು 8 ಲಕ್ಷ ಡಾಲರ್ ವೆಚ್ಚವಾಗಿತ್ತು. ಅಷ್ಟು ವೇತನ ಆ ಕಾರ್ಖಾನೆಯ ಯಾವ ಕಾರ್ಮಿಕನಿಗೂ ಸಿಗುವುದಿಲ್ಲ. ಹಣವನ್ನು ನೇರವಾಗಿ ಬಜೆಟ್ಟಿನಿಂದ ಕೊಡಬೇಕಾಗಿದ್ದರೆ ಯಾವ ಶಾಸನಸಭೆಯೂ ಅದಕ್ಕೆ ಒಪ್ಪುತ್ತಿರಲಿಲ್ಲ. ಬೆಲೆಯೊಳಗೆ ಅಡಗಿದ್ದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಬನಹಟ್ಟಿಯ ಅನುಭವ: ಗೋಡೆ ಇದ್ದೂ ಕರಗಿದ ಕೈಗಳು

ಈಗ ಮನೆಯ ಲೆಕ್ಕಕ್ಕೆ ಬರಬಹುದು. ಕೈಮಗ್ಗದ ಉಳಿವಿಗಾಗಿ ಕೇಂದ್ರ ಸರಕಾರವು 1985ರಲ್ಲಿ ಕೈಮಗ್ಗ ಮೀಸಲಾತಿ ಕಾಯ್ದೆಯನ್ನು ತಂದಿತು. ಆರಂಭದಲ್ಲಿ 22 ಬಗೆಯ ಬಟ್ಟೆಗಳನ್ನು ಕೈಮಗ್ಗದಲ್ಲಿ ಮಾತ್ರ ನೇಯಬೇಕೆಂದು ನಿಗದಿಪಡಿಸಲಾಯಿತು. ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಮುಂದೆ ಮೀಸಲು ಬಟ್ಟೆಗಳ ಸಂಖ್ಯೆ 11ಕ್ಕೆ ಇಳಿಯಿತು. ಸೀರೆ ಮತ್ತು ಧೋತರಗಳು ಪಟ್ಟಿಯಲ್ಲಿ ಉಳಿದವು. ದೇಶದ ಒಳಗೇ ಕಟ್ಟಿದ ಗೋಡೆ ಇದು: ವಿದ್ಯುತ್ ಮಗ್ಗದಿಂದ ಕೈಮಗ್ಗಕ್ಕೆ ರಕ್ಷಣೆ.

ರಾಷ್ಟ್ರೀಯ ಕೈಮಗ್ಗ ಗಣತಿಗಳ ಅಂಕಿಗಳು ಇದರ ಫಲವನ್ನು ಹೇಳುತ್ತವೆ. ನೇಕಾರರು ಹಾಗೂ ಪೂರಕ ಕೆಲಸಗಾರರ ಒಟ್ಟು ಸಂಖ್ಯೆ 1995-96ರಲ್ಲಿ ಸುಮಾರು 65.5 ಲಕ್ಷವಿತ್ತು. 2009-10ರಲ್ಲಿ ಅದು 43.31 ಲಕ್ಷಕ್ಕೂ, 2019-20ರಲ್ಲಿ 35.22 ಲಕ್ಷಕ್ಕೂ ಇಳಿಯಿತು. ಉಳಿದವರಲ್ಲಿಯೂ ಸುಮಾರು ಮೂರನೇ ಎರಡರಷ್ಟು ನೇಕಾರ ಕುಟುಂಬಗಳ ಆದಾಯ ತಿಂಗಳಿಗೆ 5,000 ರೂ.ಗಳಿಗಿಂತ ಕಡಿಮೆ ಎಂದು ಕೊನೆಯ ಗಣತಿ ದಾಖಲಿಸಿದೆ. ಕಾನೂನು ಬಟ್ಟೆಯನ್ನು ಮೀಸಲಿಟ್ಟಿತು; ಮಜೂರಿಯನ್ನು ಮೀಸಲಿಡಲಾಗಲಿಲ್ಲ. ಮಜೂರಿ ಸಾಲದಿದ್ದಾಗ ನೇಕಾರನ ಮಗ ಮಗ್ಗದ ಕುಣಿಗೆ ಇಳಿಯಲಿಲ್ಲ.

ಕೈಮಗ್ಗದ ಬಳಿಕ ವಿದ್ಯುತ್ ಮಗ್ಗದ ಸರದಿ ಬಂದಿತು. ರಬಕವಿ-ಬನಹಟ್ಟಿಯ ಹತ್ತಿ ಸೀರೆಗೆ ಪ್ರತಿಸ್ಪರ್ಧಿ ಚೀನಾ ಅಲ್ಲ, ಸೂರತ್. ಬೀಳಗಿಯ ಬಟ್ಟೆ ಅಂಗಡಿಯಲ್ಲಿ ಬನಹಟ್ಟಿಯ ಹತ್ತಿ ಸೀರೆಯ ಪಕ್ಕದಲ್ಲಿ ಸೂರತ್ತಿನ ಪಾಲಿಯೆಸ್ಟರ್ ಸೀರೆ ಕಡಿಮೆ ಬೆಲೆಗೆ, ಹೆಚ್ಚು ಬಣ್ಣಗಳಲ್ಲಿ ದೊರೆಯುತ್ತದೆ. ಇಚಲಕರಂಜಿ, ಮಾಲೆಗಾಂವ್‌ಗಳ ಸರಕೂ ಇದೇ ಮಾರುಕಟ್ಟೆಗೆ ಬರುತ್ತದೆ. ಇವೆಲ್ಲ ಒಂದೇ ದೇಶದ ಊರುಗಳು. ನಡುವೆ ಸುಂಕದ ಗೋಡೆ ಕಟ್ಟುವಂತಿಲ್ಲ. ಹಾಗಾಗಿ "ಹೊರಗಿನ ಸರಕನ್ನು ತಡೆದರೆ ಒಳಗಿನ ಉದ್ದಿಮೆ ಬದುಕುತ್ತದೆ" ಎಂಬ ವಾದ ಇಲ್ಲಿ ಅನ್ವಯಿಸುವುದೇ ಇಲ್ಲ. ತಡೆಯಲಾಗದ ಸ್ಪರ್ಧೆಯ ಎದುರು ಬದುಕುವ ಬಗೆಯನ್ನು ಈ ಊರು ಕಂಡುಕೊಳ್ಳಬೇಕಾಗಿದೆ.

ಗೋಡೆಯ ಬೆಲೆ ತೆರುವವರು ಯಾರು?

ರಕ್ಷಣೆಯನ್ನು ಬಯಸುವಾಗ ಪ್ರತಿಯೊಬ್ಬ ಉದ್ದಿಮೆದಾರನೂ ತನ್ನ ಸಿದ್ಧ ಸರಕನ್ನೇ ಕಣ್ಣೆದುರಿಗೆ ಇಟ್ಟುಕೊಂಡಿರುತ್ತಾನೆ. ಆದರೆ ಒಬ್ಬನ ಸಿದ್ಧ ಸರಕು ಇನ್ನೊಬ್ಬನ ಕಚ್ಚಾ ಸರಕು. ಲೆಕ್ಕದ ಅನುಕೂಲಕ್ಕಾಗಿ ಹಿಡಿದ ಒಂದು ಉದಾಹರಣೆಯನ್ನು ನೋಡಬಹುದು.

ಒಂದು ಹತ್ತಿ ಸೀರೆಗೆ ನೂಲು 320 ರೂ., ಬಣ್ಣ ಹಾಗೂ ಹಾಸು ಸಿದ್ಧಪಡಿಸುವ ವೆಚ್ಚ 60 ರೂ., ಮಜೂರಿ 140 ರೂ., ವಿದ್ಯುತ್ ಮತ್ತು ಇತರೆ 40 ರೂ. ಎಂದಿರಲಿ. ಒಟ್ಟು ವೆಚ್ಚ 560 ರೂ. ಮಾರಾಟ ಬೆಲೆ 600 ರೂ. ಆದರೆ ಲಾಭ 40 ರೂ. ನೂಲಿನ ಗಿರಣಿಗೆ ರಕ್ಷಣೆ ಸಿಕ್ಕಿ ನೂಲಿನ ಬೆಲೆ ಶೇ. 10 ಏರಿತೆಂದರೆ ವೆಚ್ಚ 32 ರೂ. ಹೆಚ್ಚುತ್ತದೆ, ಲಾಭ 8 ರೂ.ಗೆ ಕುಸಿಯುತ್ತದೆ. ಸೂರತ್ತಿನ ಸೀರೆ ಪಕ್ಕದಲ್ಲಿರುವಾಗ ಬೆಲೆಯನ್ನು ಏರಿಸಲಾಗದು. ಮಾಲೀಕನ ಕೈಯಲ್ಲಿ ಉಳಿಯುವುದು ಒಂದೇ ಬಾಬು: 140 ರೂ.ಗಳ ಮಜೂರಿ. ನೂಲಿನ ಗೋಡೆಯ ಬೆಲೆಯನ್ನು ಕೊನೆಗೆ ತೆರುವವನು ನೇಕಾರ.

ಇದು ಬರಿಯ ಊಹೆಯಲ್ಲ. 2021ರ ಫೆಬ್ರುವರಿಯಲ್ಲಿ ಹತ್ತಿಯ ಆಮದಿನ ಮೇಲೆ ಒಟ್ಟು ಶೇ. 11ರ ಸುಂಕ ಬಂದಿತು. ರೈತನ ಹಿತ ಅದರ ಉದ್ದೇಶ. ನೂಲಿನ ಬೆಲೆ ಏರಿ ಗಿರಣಿಗಳು ಮತ್ತು ಮಗ್ಗಗಳು ಕಂಗೆಟ್ಟಾಗ 2022ರಲ್ಲಿ ಕೆಲವು ತಿಂಗಳು ಆ ಸುಂಕವನ್ನು ಕೈಬಿಡಬೇಕಾಯಿತು. ಅಮೆರಿಕದ ಶೇ. 50ರ ಹೊಡೆತದ ಬೆನ್ನಲ್ಲೇ 2025ರ ಆಗಸ್ಟ್ 19ರಿಂದ ಡಿಸೆಂಬರ್ 31ರವರೆಗೆ ಮತ್ತೆ ವಿನಾಯಿತಿ ನೀಡಲಾಯಿತು. ಕೃತಕ ನೂಲಿನ ವಿಷಯದಲ್ಲಿ ತೆರಿಗೆಯ ರಚನೆಯೇ ತಲೆಕೆಳಗಾಗಿತ್ತು: ಜಿಎಸ್‌ಟಿ ದರವು ಎಳೆಗೆ ಶೇ. 18, ನೂಲಿಗೆ ಶೇ. 12, ಬಟ್ಟೆಗೆ ಶೇ. 5. ನೇಕಾರ ಉದ್ದಿಮೆದಾರನ ಬಂಡವಾಳ ತೆರಿಗೆ ಜಮೆಯಲ್ಲಿ ಸಿಲುಕಿಕೊಳ್ಳುತ್ತಿತ್ತು. 2018ರ ಆಗಸ್ಟ್‌ನಿಂದ ಮರುಪಾವತಿಗೆ ಅವಕಾಶ ದೊರೆಯಿತು. 2025ರ ಸೆಪ್ಟೆಂಬರ್ 22ರಿಂದ ಮೂರೂ ಹಂತಗಳಿಗೆ ಶೇ. 5 ಆದ ಬಳಿಕವೇ ಈ ದೋಷ ನಿವಾರಣೆಯಾಯಿತು. ಯಾವುದೇ ಆಮದು ಸುಂಕಕ್ಕಿಂತ ಈ ಒಂದು ತಿದ್ದುಪಡಿ ಮಗ್ಗಗಳಿಗೆ ಹೆಚ್ಚು ಉಪಕಾರಿ ಎನ್ನಬಹುದು.

2025-26ರ ಕೇಂದ್ರ ಬಜೆಟ್ಟಿನಲ್ಲಿ ಈ ದ್ವಂದ್ವವು ಒಂದೇ ಕಡೆ ಕಾಣಿಸಿತು. ಕೆಲವು ಹೆಣೆದ ಬಟ್ಟೆಗಳ ಆಮದಿಗೆ ಶೇ. 20 ಅಥವಾ ಕಿಲೋಗೆ 115 ರೂ., ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನು ಸುಂಕವಾಗಿ ನಿಗದಿಪಡಿಸಲಾಯಿತು. ಅದೇ ಬಜೆಟ್ಟಿನಲ್ಲಿ ಲಾಳಿರಹಿತ ಮಗ್ಗಗಳ ಇನ್ನೂ ಎರಡು ಬಗೆಗಳಿಗೆ ಇದ್ದ ಶೇ. 7.5ರ ಸುಂಕವನ್ನು ಪೂರ್ಣವಾಗಿ ತೆಗೆಯಲಾಯಿತು. ಬಟ್ಟೆಗೆ ಗೋಡೆ, ಯಂತ್ರಕ್ಕೆ ತೆರೆದ ಬಾಗಿಲು. ಯಂತ್ರಕ್ಕೂ ಗೋಡೆ ಕಟ್ಟಿದರೆ ಬಟ್ಟೆಯ ಗೋಡೆಯಿಂದ ಪ್ರಯೋಜನವಿಲ್ಲ ಎಂಬುದನ್ನು ಸರಕಾರವೂ ಒಪ್ಪಿಕೊಂಡಂತಾಯಿತು.

ಈ ಭಾಗದ ವರ್ತಕರು ತಮ್ಮದೇ ಇನ್ನೊಂದು ಗೋಡೆಯನ್ನೂ ಮರೆಯಬಾರದು. ಮುಧೋಳ, ಜಮಖಂಡಿ, ಬೀಳಗಿ ತಾಲೂಕುಗಳ ವಹಿವಾಟು ನಿಂತಿರುವುದು ಕಬ್ಬಿನ ಮೇಲೆ. ಸಕ್ಕರೆಯ ಆಮದು ಸುಂಕವನ್ನು 2018ರ ಫೆಬ್ರುವರಿಯಲ್ಲಿ ಶೇ. 100ಕ್ಕೆ ಏರಿಸಲಾಯಿತು. ಅದರ ಜೊತೆಗೆ ಪೆಟ್ರೋಲಿನಲ್ಲಿ ಎಥೆನಾಲ್ ಮಿಶ್ರಣದ ನೀತಿಯು ಕಾರ್ಖಾನೆಗಳಿಗೆ ಖಚಿತ ಗ್ರಾಹಕನನ್ನು ಒದಗಿಸಿತು. ಸಕ್ಕರೆಗೆ ದೊರೆತ ರಕ್ಷಣೆಯಲ್ಲಿ ಬಟ್ಟೆಗೆ ದೊರೆಯದ ಎರಡು ಅಂಶಗಳಿವೆ: ರೈತನಿಗೆ ಸಲ್ಲಬೇಕಾದ ಕನಿಷ್ಠ ದರ ಕಾನೂನಿನಲ್ಲಿದೆ; 14 ದಿನಗಳಲ್ಲಿ ಹಣ ಪಾವತಿಸಬೇಕೆಂಬ ನಿಯಮವೂ ಇದೆ. ಆಚರಣೆಯಲ್ಲಿ ಲೋಪಗಳಿದ್ದರೂ ರಕ್ಷಣೆಯ ಫಲ ಯಾರನ್ನು ತಲುಪಬೇಕೆಂಬುದು ಅಲ್ಲಿ ಬರೆದಿಟ್ಟ ವಿಷಯ.

ಉಳಿಸಬೇಕಾದದ್ದು ಸರಕಲ್ಲ, ಸಾಮರ್ಥ್ಯ

ಹಾಗೆಂದು ತಯಾರಿಕೆ ಎಲ್ಲಿಯಾದರೂ ಹೋಗಲಿ, ಅಗ್ಗವಾದಲ್ಲಿ ಕೊಂಡರಾಯಿತು ಎಂಬ ವಾದವೂ ಪೂರ್ಣ ಸರಿಯಲ್ಲ. 2020ರ ಕೋವಿಡ್ ಕಾಲದಲ್ಲಿ ಸಿರಿವಂತ ದೇಶಗಳೂ ಮುಖಗವಸುಗಳಿಗಾಗಿ ಪರದಾಡಿದವು. 2021ರಲ್ಲಿ ಚಿಪ್‌ಗಳ ಕೊರತೆಯಿಂದ ವಾಹನ ಕಾರ್ಖಾನೆಗಳು ನಿಂತವು. ಎಲ್ಲವನ್ನೂ ಒಂದೇ ಕಡೆಯಿಂದ ಕೊಳ್ಳುವವನು ಕಷ್ಟಕಾಲದಲ್ಲಿ ಮಾರುವವನ ಮರ್ಜಿಗೆ ಒಳಗಾಗುತ್ತಾನೆ.

ಇದಕ್ಕಿಂತಲೂ ಮುಖ್ಯವಾದ ಮತ್ತೊಂದು ಕಾರಣವಿದೆ. ಜಪಾನಿನ ಸಾಕಿಚಿ ಟೊಯೊಡಾ 1924ರಲ್ಲಿ, ಓಡುತ್ತಿರುವಾಗಲೇ ಲಾಳಿ ಬದಲಾಯಿಸಿಕೊಳ್ಳುವ ಸ್ವಯಂಚಾಲಿತ ಮಗ್ಗವನ್ನು ರೂಪಿಸಿದರು. 1929ರಲ್ಲಿ ಇದರ ಪೇಟೆಂಟ್ ಹಕ್ಕನ್ನು ಕೊಂಡದ್ದು, ಜಗತ್ತಿಗೇ ಜವಳಿ ಯಂತ್ರಗಳನ್ನು ಮಾರುತ್ತಿದ್ದ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಸಂಸ್ಥೆ. 1933ರಲ್ಲಿ ಟೊಯೊಡಾ ಮಗ್ಗದ ಕಾರ್ಖಾನೆಯಲ್ಲಿಯೇ ಮೋಟಾರು ವಾಹನ ವಿಭಾಗ ಆರಂಭವಾಯಿತು. 1937ರಲ್ಲಿ ಅದು ಟೊಯೊಟಾ ಮೋಟಾರ್ ಕಂಪನಿಯಾಯಿತು. ಜಪಾನ್ ಇಂದು ಅಗ್ಗದ ಬಟ್ಟೆಯನ್ನು ಹೊರಗಿನಿಂದ ಕೊಳ್ಳುತ್ತದೆ. ಆದರೆ ಬಟ್ಟೆ ನೇಯುವ ಅತ್ಯುತ್ತಮ ಯಂತ್ರಗಳನ್ನು ಜಗತ್ತಿಗೆ ಮಾರುತ್ತದೆ. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳದ್ದೂ ಇದೇ ದಾರಿ. ಈ ದೇಶಗಳಲ್ಲಿ ವೇತನ ಅತ್ಯಧಿಕ; ಆದರೂ ರಾಷ್ಟ್ರೀಯ ಆದಾಯದಲ್ಲಿ ತಯಾರಿಕೆಯ ಪಾಲು ಅಮೆರಿಕದಲ್ಲಿರುವ ಸುಮಾರು ಶೇ. 10ಕ್ಕಿಂತ ಬಹಳ ಹೆಚ್ಚು. ಅವು ಹಳೆಯ ಸರಕನ್ನು ಹಿಡಿದು ಕೂರಲಿಲ್ಲ. ಕೆಲಸ ಬಲ್ಲ ಕೈಗಳನ್ನು, ತರಬೇತಿಯ ಪದ್ಧತಿಯನ್ನು, ಸಣ್ಣ ಯಂತ್ರಶಾಲೆಗಳ ಜಾಲವನ್ನು ಕಾಪಾಡಿಕೊಂಡವು.

ಕಾರ್ಖಾನೆಯ ಕಟ್ಟಡವನ್ನು ಎರಡು ವರ್ಷಗಳಲ್ಲಿ ಕಟ್ಟಬಹುದು. ಅದರ ಸುತ್ತಲಿನ ಜಾಣ್ಮೆಯ ಜಾಲ ಬೆಳೆಯಲು ಎರಡು ತಲೆಮಾರು ಬೇಕು. ಅಮೆರಿಕ ಇಂದು ಅನುಭವಿಸುತ್ತಿರುವ ತೊಡಕು ಇದೇ: ಹಣವಿದೆ, ಸುಂಕವಿದೆ, ಆದರೆ ಅಚ್ಚು ತಯಾರಿಸುವ, ಯಂತ್ರ ಹೊಂದಿಸುವ ಅನುಭವಿ ಕೈಗಳು ವಿರಳವಾಗಿವೆ.

ಮೂರು ಪರೀಕ್ಷೆಗಳು

ಮೇಲಿನ ವಿವೇಚನೆಯಿಂದ, ಸಿರಿವಂತ ದೇಶವೊಂದು ತಯಾರಿಕೆಯ ಪುನಶ್ಚೇತನಕ್ಕೆ ಪ್ರಯತ್ನಿಸಬೇಕೆ ಎಂಬ ಪ್ರಶ್ನೆಗೆ ಷರತ್ತುಬದ್ಧ ಉತ್ತರ ದೊರೆಯುತ್ತದೆ. ಯಾವುದೇ ಯೋಜನೆಯನ್ನು ಒಪ್ಪುವ ಮೊದಲು ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರವಿರಬೇಕು.

1. ಉದ್ದೇಶವೇನು? ದೇಶದ ಸುರಕ್ಷತೆಯೋ ಜಾಣ್ಮೆಯ ಉಳಿವೋ ಆಗಿದ್ದರೆ ವೆಚ್ಚಕ್ಕೆ ಅರ್ಥವಿದೆ. ಹಳೆಯ ಸಂಖ್ಯೆಯ ಉದ್ಯೋಗಗಳನ್ನು ಮರಳಿ ತರುವುದೇ ಉದ್ದೇಶವಾಗಿದ್ದರೆ ನಿರಾಶೆ ಖಚಿತ.

2. ಹೊರೆ ಯಾರದು? ನೆರವು ಬಜೆಟ್ಟಿನಿಂದ ಬಂದರೆ ಲೆಕ್ಕ ಸ್ಪಷ್ಟ. ಸುಂಕದ ಮೂಲಕ ಬಂದರೆ ಅದನ್ನು ಕೆಳಹಂತದ ಉದ್ದಿಮೆದಾರ, ಅವನ ಮೂಲಕ ಕೂಲಿಕಾರ ಮತ್ತು ಗ್ರಾಹಕ ತೆರುತ್ತಾರೆ.

3. ಅವಧಿ ಎಷ್ಟು? ಕೊನೆಯ ದಿನಾಂಕವಿಲ್ಲದ ರಕ್ಷಣೆಯು ಸುಧಾರಣೆಯನ್ನು ಮುಂದೂಡುವ ಸಬೂಬಾಗುತ್ತದೆ. ಭಾರತದಲ್ಲಿ 1967ರಲ್ಲಿ 47 ವಸ್ತುಗಳಿಂದ ಆರಂಭವಾದ ಸಣ್ಣ ಕೈಗಾರಿಕೆಗಳ ಮೀಸಲಾತಿ ಪಟ್ಟಿ 800ನ್ನು ಮೀರಿ ಬೆಳೆಯಿತು. ಕೊನೆಯ 20 ವಸ್ತುಗಳು ಪಟ್ಟಿಯಿಂದ ಹೊರಬಂದದ್ದು 2015ರ ಏಪ್ರಿಲ್‌ನಲ್ಲಿ. ಸಣ್ಣದಾಗಿಯೇ ಉಳಿದರೆ ಲಾಭ ಎಂಬ ಮನೋಭಾವವನ್ನು ಅದು ಎರಡು ತಲೆಮಾರುಗಳ ಉದ್ದಿಮೆದಾರರಲ್ಲಿ ಬೆಳೆಸಿತು.

ಈ ಭಾಗದ ವರ್ತಕರು ಮಾಡಬಹುದಾದದ್ದು

ಇದೇ ಪರೀಕ್ಷೆಗಳನ್ನು ರಬಕವಿ-ಬನಹಟ್ಟಿಗೆ ಅನ್ವಯಿಸಿದರೆ ಬೇಡಿಕೆಗಳ ಪಟ್ಟಿಯೇ ಬದಲಾಗುತ್ತದೆ.

ಮೊದಲನೆಯದಾಗಿ, ಮಗ್ಗದ ಸುತ್ತಲಿನ ಕೆಲಸಗಳು ಉಳಿಯಬೇಕು. ನೂಲಿಗೆ ಬಣ್ಣ ಹಾಕುವವರು, ಗಂಜಿ ಹಾಕಿ ಹಾಸು ಹೂಡುವವರು, ಕಂಡಿಕೆ ಸುತ್ತುವವರು, ಡಾಬಿ ಮತ್ತು ಜಕಾರ್ಡ್ ದುರಸ್ತಿ ಮಾಡುವವರು ಇಲ್ಲದ ಊರಿನಲ್ಲಿ ಮಗ್ಗ ಕೇವಲ ಕಬ್ಬಿಣ. ಮಗ್ಗದ ಸಬ್ಸಿಡಿಗಿಂತ ಸಾಮೂಹಿಕ ಬಣ್ಣದ ಘಟಕ, ತ್ಯಾಜ್ಯ ನೀರಿನ ಶುದ್ಧೀಕರಣ ಮತ್ತು ದುರಸ್ತಿ ತರಬೇತಿಗೆ ಮೊದಲ ಆದ್ಯತೆ ಇರಬೇಕು.

ಎರಡನೆಯದಾಗಿ, ಸರಕಾರಿ ಖರೀದಿಯು ನಿಯತಕಾಲಿಕವಾಗಿರಬೇಕು. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವು ವಿದ್ಯಾವಿಕಾಸ ಯೋಜನೆಯ ಶಾಲಾ ಸಮವಸ್ತ್ರದ ಬಟ್ಟೆಯ ಮೂಲಕ ನೇಕಾರರಿಗೆ ಕೆಲಸ ಒದಗಿಸುತ್ತದೆ. ಶಾಲೆ ಆರಂಭವಾಗುವ ದಿನ ಮೊದಲೇ ಗೊತ್ತಿರುವಂಥದ್ದು. ನೂಲು ನೀಡುವ ದಿನ ಮತ್ತು ಮಜೂರಿ ಸಲ್ಲುವ ದಿನವೂ ಹಾಗೆಯೇ ಮೊದಲೇ ಗೊತ್ತಿರಬೇಕು. 10 ಎಚ್.ಪಿ.ವರೆಗಿನ ವಿದ್ಯುತ್ ಮಗ್ಗಗಳಿಗೆ ತಿಂಗಳಿಗೆ 250 ಯುನಿಟ್‌ವರೆಗೆ ಉಚಿತ ವಿದ್ಯುತ್ ನೀಡುವ, 2023ರ ರಾಜ್ಯ ಬಜೆಟ್ಟಿನಲ್ಲಿ ಘೋಷಿತವಾದ ನೆರವು ಸ್ವಾಗತಾರ್ಹ. ಅದು ವೆಚ್ಚವನ್ನು ತಗ್ಗಿಸುತ್ತದೆ. ಆದರೆ ಗ್ರಾಹಕನನ್ನು ತರುವುದಿಲ್ಲ.

ಮೂರನೆಯದಾಗಿ, ಸರಕಿನ ಗುರುತು ಪ್ರಾಮಾಣಿಕವಾಗಿರಬೇಕು. ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣ ಭೌಗೋಳಿಕ ಗುರುತನ್ನು ಪಡೆದಿವೆ. ಕೈಮಗ್ಗ ಮುದ್ರೆ 2006ರಿಂದ ಇದೆ. ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಮಾರುವ ವರ್ತಕ ಒಂದು ಸೀರೆಯ ಲಾಭಕ್ಕಾಗಿ ಇಡೀ ಜಿಲ್ಲೆಯ ಹೆಸರನ್ನು ಒತ್ತೆ ಇಡುತ್ತಾನೆ.

ನಾಲ್ಕನೆಯದು ಸಂಪೂರ್ಣವಾಗಿ ವರ್ತಕರ ಕೈಯಲ್ಲಿಯೇ ಇದೆ: ಸಕಾಲಿಕ ಪಾವತಿ. ಸಣ್ಣ ಮಗ್ಗದ ಮಾಲೀಕನೊಬ್ಬ 1 ಲಕ್ಷ ರೂ.ಗಳ ಸರಕು ಕೊಟ್ಟು 120 ದಿನ ಕಾಯುತ್ತಾನೆ ಎಂದಿರಲಿ. ಅವನು ನೂಲಿಗಾಗಿ ತಿಂಗಳಿಗೆ ಶೇ. 2ರ ಬಡ್ಡಿಯ ಕೈಸಾಲ ಮಾಡಿದ್ದರೆ ಬಡ್ಡಿ 8,000 ರೂ. ಹಣ 45 ದಿನಗಳಲ್ಲಿ ಬಂದರೆ ಬಡ್ಡಿ 3,000 ರೂ. ಉಳಿತಾಯ 5,000 ರೂ., ಅಂದರೆ ಮಾರಾಟ ಬೆಲೆಯ ಶೇ. 5. ದೆಹಲಿಯಿಂದ ಬೇಡಬಹುದಾದ ಶೇ. 5ರ ರಕ್ಷಣೆಯನ್ನು ಜಮಖಂಡಿ ಇಲ್ಲವೇ ಬೀಳಗಿಯ ವರ್ತಕನೇ, ಯಾವ ಕಾಯ್ದೆಯ ತಿದ್ದುಪಡಿಯೂ ಇಲ್ಲದೆ, ತನ್ನ ಗಲ್ಲಾಪೆಟ್ಟಿಗೆಯ ಬಳಿ ಕುಳಿತೇ ಕೊಡಬಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನಗಳೊಳಗೆ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆ ಬಡ್ಡಿಯನ್ನು ಆದಾಯ ತೆರಿಗೆ ಲೆಕ್ಕದಲ್ಲಿ ವೆಚ್ಚವೆಂದು ತೋರಿಸುವಂತಿಲ್ಲ. 2023ರ ಹಣಕಾಸು ಕಾಯ್ದೆಯು 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 43ಬಿ(ಎಚ್) ನಿಯಮದಂತೆ, ಗಡುವು ಮೀರಿ ಬಾಕಿ ಉಳಿದ ಖರೀದಿಯ ಮೊತ್ತವು ವರ್ಷಾಂತ್ಯದೊಳಗೆ ಪಾವತಿಯಾಗದಿದ್ದರೆ, ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವಾಗಿ ಪರಿಗಣಿತವಾಗುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಈ ತತ್ವವನ್ನು ಮುಂದುವರಿಸಲಾಗಿದೆ. ಇದರ ಪ್ರಯೋಜನ ಪಡೆಯಲು ಮಗ್ಗದ ಮಾಲೀಕರು ಉದ್ಯಮ್ ನೋಂದಣಿಯನ್ನು ತಯಾರಕರೆಂದು ಮಾಡಿಸಿ, ಪ್ರತಿ ಬಿಲ್ಲಿನ ಮೇಲೆ ನೋಂದಣಿ ಸಂಖ್ಯೆಯನ್ನು ನಮೂದಿಸುವುದು ಅವಶ್ಯ. ನಿಯಮ ಜಾರಿಗೆ ಬಂದಾಗ ಹಲವೆಡೆ ಬಟ್ಟೆ ವರ್ತಕರ ಸಂಘಗಳು ಅದನ್ನು ಮುಂದೂಡುವಂತೆ ಕೋರಿದ್ದವು. ಆಮದು ಸರಕಿನಿಂದ ರಕ್ಷಣೆ ಕೇಳುವ ಕೈಯೇ ನೆರೆಯ ತಯಾರಕನ ಹಣವನ್ನು ತಡೆಹಿಡಿಯುವುದು ಸುಸಂಗತವಲ್ಲ.

ಉಪಸಂಹಾರ

ಅಮೆರಿಕದ ಗೋಡೆ ಎಷ್ಟು ಎತ್ತರವಾಗುತ್ತದೆ, ಎಷ್ಟು ಕಾಲ ನಿಲ್ಲುತ್ತದೆ ಎಂಬುದು ಈ ಭಾಗದ ವರ್ತಕರ ಕೈಯಲ್ಲಿಲ್ಲ. ಅದರಿಂದ ಕಲಿಯುವುದು ಅವರ ಕೈಯಲ್ಲಿದೆ. ಲ್ಯಾಂಕಶೈರ್ ತನ್ನ ಬಟ್ಟೆಯನ್ನು ರಕ್ಷಿಸಲು ಹೋಗಿ ಬಟ್ಟೆಯನ್ನೂ ಕಳೆದುಕೊಂಡಿತು, ಮಗ್ಗ ಮಾಡುವ ಮುಂದಾಳ್ತನವನ್ನೂ ಕಳೆದುಕೊಂಡಿತು. ಜಪಾನ್ ಅಗ್ಗದ ಬಟ್ಟೆಯನ್ನು ಬಿಟ್ಟುಕೊಟ್ಟರೂ ಕೈಯ ಜಾಣ್ಮೆಯನ್ನು ಬಿಡಲಿಲ್ಲ. ರಬಕವಿ-ಬನಹಟ್ಟಿಯಲ್ಲಿ ಆ ಜಾಣ್ಮೆ ಇನ್ನೂ ಜೀವಂತವಾಗಿದೆ. ಬಣ್ಣ ಬಲ್ಲವರು, ಹಾಸು ಬಲ್ಲವರು, ಮಗ್ಗದ ಸದ್ದು ಕೇಳಿಯೇ ದೋಷ ಹಿಡಿಯುವವರು ಇನ್ನೂ ಇದ್ದಾರೆ. ಇವರ ಮಕ್ಕಳು ಬೇರೆ ಕೆಲಸ ಹುಡುಕಿ ಊರು ಬಿಟ್ಟ ಬಳಿಕ ಯಾವ ಸುಂಕವೂ ಈ ಜಾಣ್ಮೆಯನ್ನು ಮರಳಿ ತರಲಾರದು. ಇರುವಾಗ ಉಳಿಸಿಕೊಳ್ಳುವ ವೆಚ್ಚವು, ಹೋದ ಮೇಲೆ ಹಿಂದೆ ತರುವ ವೆಚ್ಚಕ್ಕಿಂತ ಬಹಳ ಕಡಿಮೆ. ಸಿರಿವಂತ ದೇಶಗಳು ಲಕ್ಷಾಂತರ ಡಾಲರ್ ತೆತ್ತು ಕಲಿಯುತ್ತಿರುವ ಈ ಪಾಠವನ್ನು, 45 ದಿನಗಳಲ್ಲಿ ಬಿಲ್ಲು ಪಾವತಿಸುವ ಮೂಲಕ ಇಲ್ಲಿನ ವರ್ತಕರು ಇಂದೇ ಆಚರಣೆಗೆ ತರಬಹುದು.